ಬಾರದ ಸಂಚಿಕೆಗಳ ಚಂದಾ

ಕೊಪ್ಪದ ಒಂದು ಕಾಲೇಜಿನಲ್ಲಿ ನಾನು ಆರು ವರ್ಷ ಕಂಪ್ಯೂಟರ್ ಕಲಿಸಿದೆ. ಎನ್.ಆರ್. ಪುರದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬರುವ ಕೆಲಸ. ಪಾಠದ ಜೊತೆಗೆ ಲ್ಯಾಬಿನ ಹದಿನಾಲ್ಕು ಕಂಪ್ಯೂಟರು, ಒಂದು ಸರ್ವರು, ಹಾಳೆ ನುಂಗುವ ಒಂದು ಪ್ರಿಂಟರು, ಇವುಗಳ ಯೋಗಕ್ಷೇಮವೂ ನನ್ನ ತಲೆಗೇ. ಸಿಟ್ಟು ಮೂಗಿನ ತುದಿಯಲ್ಲಿ ಎನ್ನುತ್ತಾರಲ್ಲ, ನನಗೆ ಅದು ನಾಲಿಗೆಯ ತುದಿಯಲ್ಲೇ ಇತ್ತು. ಮೂಗಿನವರೆಗೆ ಹೋಗಿ ಬರುವಷ್ಟು ವ್ಯವಧಾನ ಇರಲಿಲ್ಲ.

ಎರಡು ಸಾವಿರದ ಏಳರ ಸುಮಾರಿನ ಮೇ ತಿಂಗಳು. ರಜೆ. ಕಾಲೇಜಿನ ಟ್ರಸ್ಟಿನ ಪರವಾಗಿ ಮೂರು ವರ್ಷಕ್ಕೊಮ್ಮೆ ಸಾಮಾನು ತಪಾಸಣೆಗೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರು ಬರುತ್ತಿದ್ದರು. ಅವರನ್ನು ಎಲ್ಲರೂ ತಪಾಸಣೆ ಮೇಷ್ಟ್ರು ಎನ್ನುತ್ತಿದ್ದೆವು. ಅವರ ಕ್ರಮ ಸರಳ. ಸ್ಟಾಕ್ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಿಂದ ನೋಡಬೇಕು, ಕಂಡರೆ ನೀಲಿ ಪೆನ್ಸಿಲಿನ ಗೀಟು, ಕಾಣದಿದ್ದರೆ ಕೆಂಪು ಪೆನ್ಸಿಲಿನಲ್ಲಿ ‘ಕಾಣಿಸಲಿಲ್ಲ’ ಎಂಬ ಷರಾ. ಬೆಂಚಿಗೂ ಅಷ್ಟೇ, ಗೋಡೆಯ ಭೂಪಟಕ್ಕೂ ಅಷ್ಟೇ. ಆ ದಿನ ಅವರು ನನ್ನ ಲ್ಯಾಬನ್ನು ಮುಗಿಸಿ, ಲೈಬ್ರರಿಯ ಪುಟ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಲಿನಕ್ಸ್ ಸರ್ವರ್ ಸಬ್‌ಸ್ಕ್ರಿಪ್ಷನ್, ಒಂದು. ಇದು ಎಲ್ಲಿದೆ ಮೇಡಂ?”

ರಜೆಯಲ್ಲಿ ಕರೆಸಿದ ಸಿಟ್ಟಿತ್ತು. ಬಸ್ಸಿನಲ್ಲಿ ಉದ್ದಕ್ಕೂ ನಿಂತು ಬಂದ ಸಿಟ್ಟೂ ಇತ್ತು. “ಅದು ಲೈಬ್ರರಿ ಹೆಸರಿಗೆ ಬಂದಿದ್ದು ಸಾರ್. ಅವ್ರು ಎಲ್ಲೋ ಕಳ್ದು ಹಾಕಿದಾರೆ” ಅಂದೆ. ಲೈಬ್ರರಿಯನ್ನರು ಆ ದಿನ ಯಾವುದೋ ನೆಂಟರ ಮನೆಯ ಉಪನಯನಕ್ಕೆಂದು ರಜೆ ಹಾಕಿದ್ದರು. ಮೇಷ್ಟ್ರು ಕೆಂಪು ಪೆನ್ಸಿಲ್ ತೆಗೆದು ಬರೆದುಕೊಂಡರು. ನಾನು ಮೂರು ಗಂಟೆಯ ಬಸ್ಸಿಗೆ ಮನೆಗೆ ಹೋದೆ.

ಅವರು ಕಳೆದಿದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಎರಡು ವರ್ಷದಲ್ಲಿ ಆ ವಸ್ತುವಿನ ಬಗ್ಗೆ ಯಾರನ್ನೂ ಕೇಳಿಯೂ ಇರಲಿಲ್ಲ.

ವಿಷಯ ಏನೆಂದರೆ, ಆ ಸರ್ವರು ಬಂದದ್ದೇ ಲೈಬ್ರರಿಯ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಒಂದು ಅನುದಾನದಲ್ಲಿ. ಯಂತ್ರ ಮೊದಲು ಬಂತು. ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ.ಗಳು ಪೆಟ್ಟಿಗೆಯಲ್ಲೇ ಇದ್ದವು, ಆದರೆ ಅದರ ಪರವಾನಗಿ ಆಮೇಲೆ ಅಂಚೆಯಲ್ಲಿ ಬರುತ್ತದೆ ಎಂದಿದ್ದರು. ಪರವಾನಗಿ ಎಂದರೆ ಹದಿನಾರು ಅಂಕಿಯ ಸಂಖ್ಯೆ ಅಚ್ಚಾದ ಒಂದು ಕಾರ್ಡು. ಅದನ್ನು ಸರ್ವರಿನಲ್ಲಿ ಒತ್ತಿ ಕಂಪನಿಯಲ್ಲಿ ನೋಂದಾಯಿಸಿದರೆ ಒಂದು ವರ್ಷ ಕಾಲ ತಂತ್ರಾಂಶಕ್ಕೆ ಆದ ತಿದ್ದುಪಡಿಗಳೆಲ್ಲ ಬರುತ್ತವೆ. ನಾನು ಅಂಚೆಗೆ ಕಾಯಲಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಬೇರೊಂದು ಲಿನಕ್ಸನ್ನು ಹಾಕಿ ಕೆಲಸ ಶುರು ಮಾಡಿದೆ. ಡೈರಿ ಹಾಲೂ ಹಾಲೇ, ಪಕ್ಕದ ಮನೆಯ ಹಾಲೂ ಹಾಲೇ ಎಂಬ ಧಾಟಿಯಲ್ಲಿ ಪ್ರಿನ್ಸಿಪಾಲರಿಗೆ ವಿವರಿಸಿಯೂ ಆಯಿತು. ಕಾರ್ಡು ಬಂತೋ ಬಿಟ್ಟಿತೋ, ನನಗೆ ಬೇಕಿರಲಿಲ್ಲ.

ಮಾರನೆಯ ದಿನ ಲೈಬ್ರರಿಯನ್ನರು ಸ್ಟಾಕ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಲ್ಯಾಬಿಗೆ ಬಂದರು. ಅವರು ಕಿಗ್ಗದವರು. ದಿನಾ ಶೃಂಗೇರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಕೊಪ್ಪಕ್ಕೆ ಬರುತ್ತಿದ್ದರು. ಆ ತಿಂಗಳ ಮೂವತ್ತೊಂದಕ್ಕೆ ಅವರ ನಿವೃತ್ತಿ. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಲೈಬ್ರರಿಯ ಒಂದು ಪುಸ್ತಕವೂ ಕಳೆದಿಲ್ಲ ಎಂಬುದು ಅವರ ಹೆಮ್ಮೆ, ಮತ್ತು ಅದು ನಿಜ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಪುಸ್ತಕ ಹಿಂತಿರುಗಿಸದೆ ಮದುವೆಯಾಗಿ ಬೇಗಾರಿಗೆ ಹೋದಳು. ಇವರು ವಿಳಾಸ ಪತ್ತೆ ಮಾಡಿ ಅವಳ ಗಂಡನ ಮನೆಗೇ ಹೋದರು. ಹೊಸ ಮದುಮಗಳ ಕಡೆಯ ನೆಂಟರು ಯಾರೋ ಬಂದರೆಂದು ಆ ಮನೆಯವರು ಪಾಯಸ ಮಾಡಿ ಊಟ ಹಾಕಿದರಂತೆ. ಇವರು ಉಂಡು, ಕೈ ತೊಳೆದು, ಆಮೇಲೆ ಪುಸ್ತಕ ಕೇಳಿದರಂತೆ.

“ಎಂತ ಕೂಸೇ ಇದು? ‘ಕಾಣಿಸಲಿಲ್ಲ’ ಅಂತ ಬರ್ದಿದಾರಲ. ಯಾರಿಗೆ ಕಾಣ್ಲಿಲ್ಲ?” ಅಂದರು. ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. “ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಪುಟಕ್ಕೆ ಕೆಂಪು ಪೆನ್ಸಿಲ್ ಮುಟ್ಟಿರ್ಲಿಲ್ಲ.”

ನಾನೇ ಹೇಳಿದ್ದು ಎಂದು ಆಗಲೇ ಹೇಳಬಹುದಿತ್ತು. “ಏನೋ ಗೊತ್ತಿಲ್ಲ ಸಾರ್” ಅಂದೆ. ಹಾಗೆ ಹೇಳಿದ ಮೇಲೆ ನನಗೆ ನನ್ನ ಮೇಲೇ ಹೇಸಿಗೆ ಆಯಿತು. ಮಾತು ಬದಲಿಸಲು ಕೇಳಿದೆ, “ಆ ಕಾರ್ಡಿನ ಕವರ್ ನಿಮ್ಗೆ ಬಂದಿತ್ತಾ?”

“ಬಂದಿತ್ತಲ. ಬೈಂಡ್ ಮಾಡ್ಸಿ ಇಟ್ಟಿದೀನಿ.”

“ಏನು ಮಾಡ್ಸಿ ಇಟ್ಟಿದೀರಿ?”

ಲೈಬ್ರರಿಯ ನಿಯತಕಾಲಿಕಗಳ ಕಪಾಟಿಗೆ ಕರೆದುಕೊಂಡು ಹೋದರು. ವಾರಪತ್ರಿಕೆ, ಮಾಸಪತ್ರಿಕೆಗಳ ದಪ್ಪ ದಪ್ಪ ಸಂಪುಟಗಳ ನಡುವೆ ಒಂದು ತೆಳ್ಳನೆಯದು. ಕೆಂಪು ರೆಕ್ಸಿನ್ ಬೆನ್ನು, ಅದರ ಮೇಲೆ ಬಂಗಾರದ ಅಕ್ಷರ: ‘ಲಿನಕ್ಸ್ ಸರ್ವರ್, ಸಂಪುಟ ೧’. ಒಳಗೆ ಒಂದು ಕವರು, ನಿಯಮಗಳ ಒಂದು ಹಾಳೆ, ಆ ಕಾರ್ಡು. ಕಾರ್ಡಿನ ಮೇಲೆ ಲೈಬ್ರರಿಯ ನೇರಳೆ ಮೊಹರು.

ಆದದ್ದು ಇಷ್ಟು. ಕವರಿನ ಮೇಲೆ ದೊಡ್ಡಕ್ಷರದಲ್ಲಿ ಸಬ್‌ಸ್ಕ್ರಿಪ್ಷನ್ ಎಂದಿತ್ತು. ಲೈಬ್ರರಿಯಲ್ಲಿ ತಲೆ ನರೆತವರಿಗೆ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ, ಚಂದಾ. ಅವರು ನಿಯತಕಾಲಿಕಗಳ ರಿಜಿಸ್ಟರಿನಲ್ಲಿ ಹೊಸ ಪುಟ ತೆರೆದು, ಹನ್ನೆರಡು ತಿಂಗಳಿಗೆ ಹನ್ನೆರಡು ಮನೆ ಹಾಕಿ, ಸಂಚಿಕೆಗೆ ಕಾದರು. ಯಾವ ಸಂಚಿಕೆಯೂ ಬರಲಿಲ್ಲ. ಹನ್ನೆರಡೂ ಮನೆಗಳಲ್ಲಿ ‘ಬಂದಿಲ್ಲ’ ಎಂದು ಬರೆದಿದ್ದರು. ಬಾರದ ಪತ್ರಿಕೆಗಳಿಗೆಲ್ಲ ಮಾಡುವಂತೆ ಮೂರು ತಿಂಗಳಿಗೊಮ್ಮೆ ಆ ಕಂಪನಿಗೆ ಒಂದು ಅಂಚೆ ಕಾರ್ಡು ಹಾಕಿದ್ದರು. ಒಟ್ಟು ನಾಲ್ಕು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ, ‘ನಾವು ತಮ್ಮ ಚಂದಾದಾರರಾಗಿದ್ದು ಇದುವರೆಗೆ ಒಂದು ಸಂಚಿಕೆಯೂ ಕೈಸೇರಿರುವುದಿಲ್ಲ. ಬಾರದ ಸಂಚಿಕೆಗಳನ್ನು ಕೂಡಲೇ ಕಳುಹಿಸಬೇಕಾಗಿ ವಿನಂತಿ.’ ವರ್ಷ ಮುಗಿಯಿತು. ವರ್ಷ ಮುಗಿದ ಪತ್ರಿಕೆಯನ್ನು ಬೈಂಡ್ ಮಾಡಿಸುವುದು ಕ್ರಮ. ಈ ಪತ್ರಿಕೆಯದು ಬಂದದ್ದು ಇಷ್ಟೇ, ಇಷ್ಟನ್ನೇ ಮಾಡಿಸಿದ್ದರು.

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರು ನಗಲಿಲ್ಲ.

“ನಗೋದು ಎಂತಕ್ಕೆ ಮಾರಾಯ್ತಿ? ಸಬ್‌ಸ್ಕ್ರಿಪ್ಷನ್ ಅಂದ್ರೆ ಚಂದಾ ಅಲ್ವನಾ?”

ವಸ್ತು ಸಿಕ್ಕಿತು, ಇನ್ನೇನು ಎಂದುಕೊಂಡು ಆ ಸಂಪುಟ ಹಿಡಿದು ಇಬ್ಬರೂ ತಪಾಸಣೆ ಮೇಷ್ಟ್ರ ಮನೆಗೆ ಹೋದೆವು. ಕೊಪ್ಪ ಪೇಟೆಯಲ್ಲೇ ಅವರ ಮನೆ. ಅವರು ಕನ್ನಡಕ ಏರಿಸಿ, ಕಾರ್ಡಿನ ಹಿಂದು ಮುಂದು ಓದಿದರು. ಕೊಂಡ ಎರಡು ವರ್ಷದೊಳಗೆ ನೋಂದಾಯಿಸದಿದ್ದರೆ ಈ ಸಂಖ್ಯೆ ರದ್ದು ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು. ಎರಡು ವರ್ಷ ಕಳೆದು ನಾಲ್ಕು ತಿಂಗಳಾಗಿತ್ತು.

“ಇದು ಕಾರ್ಡು. ಪುಸ್ತಕದಲ್ಲಿ ಬರ್ದಿದ್ದು ಸರ್ವರ್ ಸಬ್‌ಸ್ಕ್ರಿಪ್ಷನ್ ಅಂತ” ಅಂದರು ಮೇಷ್ಟ್ರು. “ಕಿವಿ ಬಿಲ್ಲೆ ತೋರ್ಸಿ ಹಸು ಕೊಟ್ಟಿಗೆಲಿದೆ ಅಂದ್ರೆ ನಾನು ಬರ್ಕೊಳೋದು ಹೆಂಗೆ? ಸತ್ತ ಹಸುವಿಂದೂ ಬಿಲ್ಲೆ ಇರ್ತದೆ. ಸರ್ವರ್‌ನಲ್ಲಿ ಜೀವ ಇರೋದು ತೋರ್ಸಿ, ನೀಲಿ ಗೀಟು ಹಾಕ್ತೀನಿ.”

ಅಲ್ಲಿಂದ ಕಾಲೇಜಿಗೆ ವಾಪಸು ಬಂದೆವು. ವಸ್ತುವಿನ ದುಡ್ಡು ಕಟ್ಟಿ ಮುಗಿಸಿಬಿಡಿ ಎಂದು ಪ್ರಿನ್ಸಿಪಾಲರು ಸಲಹೆ ಕೊಟ್ಟರೆ ಲೈಬ್ರರಿಯನ್ನರು ಒಪ್ಪಲಿಲ್ಲ. “ಕಳ್ದಿದ್ರೆ ಕಟ್ತಿದ್ದೆ. ಕಳೀದೆ ಇದ್ದಿದ್ದಕ್ಕೆ ಕಟ್ಟಿದ್ರೆ ಕಳ್ದೆ ಅಂತ ಒಪ್ಕೊಂಡ ಹಂಗಾಗ್ತದೆ.” ಮೂವತ್ತೊಂದಕ್ಕೆ ಇನ್ನು ಹನ್ನೊಂದು ದಿನ ಇತ್ತು. ಆ ಹನ್ನೊಂದು ದಿನದಲ್ಲಿ ಆ ಚಂದಾಕ್ಕೆ ಜೀವ ಬರಿಸಬೇಕು, ಇಲ್ಲದಿದ್ದರೆ ಆ ಕೆಂಪು ಷರಾ ಹೊತ್ತೇ ಅವರು ಮನೆಗೆ ಹೋಗಬೇಕು. ಬರಿಸುವ ವಿದ್ಯೆ ಗೊತ್ತಿದ್ದವಳು ನಾನೊಬ್ಬಳು, ಷರಾ ಬರೆಸಿದವಳೂ ನಾನೇ.

ಲ್ಯಾಬಿಗೆ ಬಂದು ಕಾರ್ಡನ್ನು ಸರಿಯಾಗಿ ನೋಡಿದಾಗ ಹೊಸ ಗ್ರಹಚಾರ ಕಂಡಿತು. ಸಂಖ್ಯೆಯಲ್ಲಿ ಹದಿನಾಲ್ಕೇ ಅಂಕಿ ಇದ್ದವು. ಕೊನೆಯ ಎರಡು ಅಂಕಿ ಇರಬೇಕಾದ ಜಾಗದಲ್ಲಿ ಕಾರ್ಡೇ ಇರಲಿಲ್ಲ, ಬೈಂಡ್ ಮಾಡುವಾಗ ಅಂಚು ಕತ್ತರಿಸಿಹೋಗಿತ್ತು. ಒಂದೊಂದೇ ಹಾಕಿ ನೋಡೋಣವೆಂದರೆ, ಐದು ಸಲ ತಪ್ಪು ಸಂಖ್ಯೆ ಕೊಟ್ಟರೆ ಬಾಗಿಲು ಮುಚ್ಚುತ್ತದೆ ಎಂದು ನಿಯಮದ ಹಾಳೆ ಹೇಳುತ್ತಿತ್ತು.

ಲೈಬ್ರರಿಯನ್ನರಿಗೆ ಒಂದು ಮಾತೂ ಹೇಳದೆ ನೇರ ಬಸ್‌ಸ್ಟ್ಯಾಂಡಿನ ಹಿಂದಿನ ಬೈಂಡಿಂಗ್ ಅಂಗಡಿಗೆ ನಡೆದೆ. ಅಂಗಡಿಯ ಸಾಹೇಬರು ನಮ್ಮ ಕಾಲೇಜಿನ ಪುಸ್ತಕಗಳನ್ನು ಅವರ ತಂದೆಯ ಕಾಲದಿಂದ ಕಟ್ಟುತ್ತಿದ್ದವರು. ಸಂಪುಟವನ್ನು ತಿರುಗಿಸಿ ನೋಡಿ, ಬೆನ್ನಿನ ಅಕ್ಷರವನ್ನು ಹೆಬ್ಬೆರಳಿನಿಂದ ಒರೆಸಿದರು.

“ಕೆಲ್ಸ ಚೆನ್ನಾಗೇ ಇದೆಯಲ ಟೀಚರ್ರೇ. ಎಂತ ತೊಂದ್ರೆ?”

“ಕಾರ್ಡಿನ ನಂಬರ್ ಕತ್ತರಿಸಿದೀರಲ್ರೀ!”

“ಮೂರು ಕಡೆ ಕಟಿಂಗ್ ಮಾಡ್ದೆ ಬೈಂಡು ನಿಲ್ಲಲ್ಲ. ಒಳಗೆ ಎಂತ ಬರ್ದಿದೆ ಅಂತ ಓದ್ತಾ ಕೂತ್ರೆ ನಾನು ವರ್ಷಕ್ಕೆ ಒಂದು ಪುಸ್ತಕ ಕಟ್ಟಬಹುದು, ಅಷ್ಟೇ.” ನಿಜವೇ. ಕತ್ತರಿಸಿದ ಚೂರುಗಳು ಎಲ್ಲಿ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಒಂದು ವರ್ಷದ ಹಿಂದಿನ ಕಾಗದದ ಚೂರು ಕೇಳಿಕೊಂಡು ಬಂದವಳು ನಾನೇ ಮೊದಲಿರಬೇಕು.

ಎರಡು ದಿನ ಸುಮ್ಮನೆ ಕುದಿದೆ. ಮೂರನೆಯ ದಿನ ಲೈಬ್ರರಿಗೆ ಹೋಗಿ, ನಿಮ್ಮ ಬೈಂಡಿಂಗಿನ ಹುಚ್ಚಿನಿಂದ ಹೀಗಾಯಿತು ಎಂದು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಚಂದಾ ನಂಬರ್ ಬೇಕಿತ್ತಾ? ಕೇಳದಲ್ವಾ ಕೂಸೇ ಮೊದ್ಲೇ.”

ಎದ್ದು ಹೋಗಿ ರವಾನೆ ಪುಸ್ತಕ ತಂದರು. ಕಾಲೇಜಿನಿಂದ ಹೊರಹೋಗುವ ಪ್ರತಿ ಕಾಗದವನ್ನೂ ನಮೂದಿಸುವ ಪುಸ್ತಕ ಅದು. ಪತ್ರಿಕೆಯವರಿಗೆ ದೂರು ಬರೆಯುವಾಗ ಚಂದಾ ಸಂಖ್ಯೆ ಕಾಣಿಸದಿದ್ದರೆ ಅವರು ತಿರುಗಿಯೂ ನೋಡುವುದಿಲ್ಲ ಎಂಬುದು ಅವರ ಅನುಭವ. ಹಾಗಾಗಿ ನಾಲ್ಕು ಕಾರ್ಡಿನಲ್ಲೂ ಬರೆದಿದ್ದರು, ಬರೆದದ್ದನ್ನು ಇಲ್ಲಿ ಇಳಿಸಿಯೂ ಇದ್ದರು. ಗುಂಡು ಗುಂಡು ಅಕ್ಷರದಲ್ಲಿ, ಹದಿನಾರಕ್ಕೆ ಹದಿನಾರು ಅಂಕಿ, ನಾಲ್ಕು ಸಲ.

ಉಳಿದದ್ದು ಕಳೆದುಹೋದ ಅವಧಿಯ ಪ್ರಶ್ನೆ. ಆಫೀಸಿನ ಫೋನಿಂದ ಕಂಪನಿಯ ಸಹಾಯವಾಣಿಗೆ ಮಾಡಿದೆ. ಅತ್ತ ಕಡೆಯ ಹುಡುಗಿ ಅವಧಿ ಮುಗಿದಿದೆ, ಹೊಸದು ಕೊಳ್ಳಿ ಎಂದಳು. ನಾನು ದನಿ ಏರಿಸಿದೆ. ಅವಳು ಅದೇ ವಾಕ್ಯವನ್ನು ಇನ್ನೂ ಮೆತ್ತಗೆ ಹೇಳಿದಳು. ಮೂರನೆಯ ಸಲಕ್ಕೆ ಪಕ್ಕದಲ್ಲಿ ನಿಂತಿದ್ದ ಲೈಬ್ರರಿಯನ್ನರು ರಿಸೀವರಿಗೆ ಕೈ ಚಾಚಿದರು. ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ನಾವು ಚಂದಾದಾರರು, ಅವಧಿಯೊಳಗೆ ನಾಲ್ಕು ಜ್ಞಾಪನಪತ್ರ ಬರೆದಿದ್ದೇವೆ, ಒಂದಕ್ಕೂ ಉತ್ತರವಿಲ್ಲ ಎಂದು ಹೇಳಿ, ನಾಲ್ಕರ ತಾರೀಕುಗಳನ್ನೂ ಓದಿದರು. ಆ ಹುಡುಗಿ ಕಾಯಲು ಹೇಳಿದಳಂತೆ. ಫೋನಿನಲ್ಲಿ ಪಿಟೀಲು ಬರುತ್ತಿದೆ ಎಂದು ನನಗೆ ಸನ್ನೆ ಮಾಡಿ ತೋರಿಸಿದರು.

ಅವರು ಬರೆದ ಅಂಚೆ ಕಾರ್ಡುಗಳು ಕಂಪನಿಯಲ್ಲಿ ಇದ್ದವು. ಸಂಚಿಕೆ ಕೇಳುವ ಆ ದೂರು ಏನೆಂದು ಯಾರಿಗೂ ತಿಳಿದಿರಲಿಲ್ಲ, ಆದರೆ ಬಂದ ದೂರಿಗೆ ನಂಬರು ಹಾಕಿ ಇಡುವುದು ಅವರ ಕ್ರಮ. ನಾಲ್ಕಕ್ಕೂ ನಂಬರು ಬಿದ್ದಿತ್ತು. ಅವಧಿಯೊಳಗೆ ಬಂದ ದೂರಿಗೆ ಉತ್ತರ ಕೊಡದೇ ಇದ್ದದ್ದು ಕಂಪನಿಯ ಕಡೆಯ ಲೋಪ ಎಂದಾಯಿತು. ಪ್ರಿನ್ಸಿಪಾಲರ ಸಹಿ ಇರುವ ಕಾಗದವನ್ನು ಫ್ಯಾಕ್ಸ್ ಮಾಡಿದರೆ ನೋಂದಾಯಿಸಿದ ದಿನದಿಂದ ಒಂದು ವರ್ಷ ಕೊಡುತ್ತೇವೆ ಎಂದರು. ಕಾಲೇಜಿನ ಫ್ಯಾಕ್ಸ್ ಕೆಟ್ಟು ವರ್ಷವಾಗಿತ್ತು. ಲೈಬ್ರರಿಯನ್ನರು ಸಂಜೆ ಮನೆಗೆ ಹೋಗುವಾಗ ಶೃಂಗೇರಿಯ ಒಂದು ಅಂಗಡಿಯಿಂದ ಕಳಿಸಿದರು. ಕೊನೆಯ ಬಸ್ಸು ತಪ್ಪಿ ಕಿಗ್ಗಕ್ಕೆ ಜೀಪಿನಲ್ಲಿ ಹೋದರೆಂದು ಆಮೇಲೆ ಗೊತ್ತಾಯಿತು. ಒಪ್ಪಿಗೆ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅವರು ಗಂಟೆಗೊಮ್ಮೆ ಲ್ಯಾಬಿನ ಬಾಗಿಲಿಗೆ ಬಂದು, ನನ್ನ ಮುಖ ನೋಡಿ, ಏನೂ ಕೇಳದೆ ಹೋಗುತ್ತಿದ್ದರು.

ಇಪ್ಪತ್ತೆಂಟರಂದು ಪುಕ್ಕಟೆ ಲಿನಕ್ಸನ್ನು ಅಳಿಸಿ, ಸರ್ವರಿನ ಪೆಟ್ಟಿಗೆಯಲ್ಲೇ ಬಂದು ಲೈಬ್ರರಿಯ ಮೊಹರು ಹಾಕಿಸಿಕೊಂಡಿದ್ದ ಐದು ಸಿ.ಡಿ.ಗಳಿಂದ ಅಸಲಿಯನ್ನು ಹಾಕಿದೆ. ಸಂಖ್ಯೆಯನ್ನು ಅವರು ಒಂದೊಂದೇ ಅಂಕಿಯಾಗಿ ಓದಿದರು, ನಾನು ಒತ್ತಿದೆ. ಸ್ವಲ್ಪ ಹೊತ್ತು ಪರದೆ ಸುಮ್ಮನಿತ್ತು. ಆಮೇಲೆ ನೋಂದಣಿಯಾಯಿತು ಎಂದು ಬಂತು, ಕೆಳಗೆ ಮುಂದಿನ ವರ್ಷದ ತಾರೀಕು. ನನಗೆ ಕುರ್ಚಿಯಿಂದ ಎದ್ದು ಕುಣಿಯಬೇಕು ಅನ್ನಿಸಿತು. ಅವರು ಮಾತ್ರ, “ಹಂಗಾರೆ ಸಂಚಿಕೆ?” ಎಂದರು.

ತಿದ್ದುಪಡಿಗಳನ್ನು ತರಿಸುವ ಆದೇಶ ಒತ್ತಿದೆ. ಎರಡೂ ಚಿಲ್ಲರೆ ವರ್ಷದಲ್ಲಿ ಆ ತಂತ್ರಾಂಶಕ್ಕೆ ಏನೇನು ತಿದ್ದುಪಡಿ ಹೊರಬಂದಿತ್ತೋ ಅಷ್ಟೂ ಸಾಲುಗಟ್ಟಿ ಇಳಿಯತೊಡಗಿದವು. ಪ್ರತಿಯೊಂದಕ್ಕೂ ಹೆಸರು, ಪಕ್ಕದಲ್ಲಿ ಸಂಖ್ಯೆ, ಹೊರಬಂದ ತಾರೀಕು. ಬ್ರಾಡ್‌ಬ್ಯಾಂಡ್ ಕೊಪ್ಪಕ್ಕೆ ಬಂದ ಹೊಸದು, ಅದರ ನಡಿಗೆ ಎತ್ತಿನ ಗಾಡಿಯದು. ಮಧ್ಯಾಹ್ನ ಗುಡುಗು ಶುರುವಾದರೆ ಮೋಡೆಮ್ಮಿನ ತಂತಿ ಕಿತ್ತಿಡಬೇಕು, ಇಲ್ಲವಾದರೆ ಸುಟ್ಟೇಹೋಗುತ್ತದೆ. ಕಿತ್ತು, ಮತ್ತೆ ಸಿಕ್ಕಿಸಿ, ಎರಡು ದಿನ ಬೇಕಾಯಿತು. ಲೈಬ್ರರಿಯನ್ನರು ನಿಯತಕಾಲಿಕಗಳ ರಿಜಿಸ್ಟರು ತಂದು ಪಕ್ಕದಲ್ಲಿ ಕೂತು, ‘ಬಂದಿಲ್ಲ’ ಎಂದಿದ್ದ ಒಂದೊಂದೇ ಮನೆಯಲ್ಲಿ, ಆ ತಿಂಗಳ ತಾರೀಕಿನ ತಿದ್ದುಪಡಿ ಬಂದಾಗ, ‘ಬಂತು’ ಎಂದು ಬರೆದುಕೊಂಡರು. ನಾನು ಈ ಸಲ ನಗಲಿಲ್ಲ. ಅವರು ಕೇಳಿದ್ದೂ ಇದನ್ನೇ, ಕಂಪನಿ ಕೊಡಬೇಕಾಗಿದ್ದದ್ದೂ ಇದನ್ನೇ. ಕಂಪ್ಯೂಟರ್ ಕಲಿಸುವ ನಾನು ಎರಡು ವರ್ಷ ಪುಕ್ಕಟೆ ಹಾಲು ಕುಡಿದುಕೊಂಡಿದ್ದೆ.

ಮೂವತ್ತರ ಬೆಳಿಗ್ಗೆ ತಪಾಸಣೆ ಮೇಷ್ಟ್ರು ಬಂದರು. ಪರದೆಯ ಮೇಲಿನ ತಾರೀಕನ್ನು ಎರಡು ಸಲ ಓದಿ, ಸ್ಟಾಕ್ ಪುಸ್ತಕದಲ್ಲಿ ನೀಲಿ ಗೀಟು ಹಾಕಿದರು. ಆದರೆ ಹಾಕಿದ ಕೆಂಪು ಷರಾವನ್ನು ಸುಮ್ಮನೆ ಹೊಡೆದುಹಾಕುವ ಹಾಗಿಲ್ಲ, ಅದು ಯಾಕೆ ಬಿತ್ತು ಎಂದು ಕೆಳಗೆ ಎರಡು ಸಾಲು ಬೇಕು. ಪುಸ್ತಕವನ್ನು ನನ್ನ ಕಡೆ ಸರಿಸಿದರು.

“‘ವಿಭಾಗದ ಕಣ್ತಪ್ಪಿನಿಂದ’ ಅಂತ ಬರೀರಿ ಮೇಡಂ, ಸಾಕು” ಅಂದರು. ನನ್ನನ್ನು ಉಳಿಸಲೆಂದೇ ಹೇಳಿದ್ದು ಅದು. ಆ ದಿನ ಲ್ಯಾಬಿನಲ್ಲಿ ಏನು ಹೇಳಿದ್ದೆ ಎಂಬುದು ಅವರಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆದರೆ ಆ ಪುಟ ಇದ್ದದ್ದು ಲೈಬ್ರರಿಯದು. ವಿಭಾಗ ಎಂದರೆ ಲೈಬ್ರರಿ, ಕಣ್ತಪ್ಪು ಎಂದರೆ ಅವರದು. ಇಪ್ಪತ್ತೊಂಬತ್ತು ವರ್ಷದ ಕೊನೆಗೆ ಒಂದು ಕಣ್ತಪ್ಪು ಉಳಿಯುತ್ತದೆ. ಪೆನ್ನು ತೆಗೆದು ಬರೆದೆ: ‘ಈ ವಸ್ತು ಲೈಬ್ರರಿಯಲ್ಲಿ ಕಳೆದಿದೆಯೆಂದು ವಿಚಾರಿಸದೆ ಹೇಳಿದವಳು ನಾನು. ವಸ್ತು ಕಳೆದಿರಲಿಲ್ಲ. ಲೈಬ್ರರಿಯನ್ನರ ತಪ್ಪು ಇದರಲ್ಲಿ ಏನೂ ಇಲ್ಲ.’ ಸಹಿ ಹಾಕಿದೆ.

ಲೈಬ್ರರಿಯನ್ನರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಓದಿದರು. ಓದಿ, ಇನ್ನೊಮ್ಮೆ ಓದಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ಅತ್ತು ಹಗುರಾಗುತ್ತಿದ್ದೆ. ಅವರು ಪುಸ್ತಕವನ್ನು ನನ್ನ ಮುಂದೆಯೇ ಮತ್ತೆ ಇಟ್ಟು, ಸಹಿಯ ಕೆಳಗಿನ ಖಾಲಿ ಜಾಗದಲ್ಲಿ ಬೆರಳಿಟ್ಟರು.

“ತಾರೀಕು ಹಾಕಿಲ್ಲ ಮೇಡಂ. ಹಾಕಿ.”

ಆರು ವರ್ಷದಲ್ಲಿ ಅವರು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ತಾರೀಕು ಹಾಕಿದೆ.